ತಲೆಗೆ ಹತ್ತದೆಂಬ ಮಾತೂ ಮಿದುಳಿನ ಕಥೆಯೂ

ಹೆತ್ತವರ ಸಭೆ ಕೂಡಿದಾಗಲೆಲ್ಲ ನಾವು ತಪ್ಪದೆ ಕೇಳುತ್ತ ಬಂದ ಮಾತೊಂದುಂಟು. ತಂದೆಯಾದವರು ಮಗಳನ್ನು ಪಕ್ಕದಲ್ಲಿಯೇ ನಿಲ್ಲಿಸಿಕೊಂಡು, “ಇವಳಿಗೆ ಲೆಕ್ಕ ತಲೆಗೆ ಹತ್ತುದಿಲ್ಲೆ, ಟೀಚರೇ” ಎಂದು ಅರಿಕೆಮಾಡುತ್ತಾರೆ. ಆ ದನಿಯಲ್ಲಿ ಸಿಟ್ಟಿರುವುದಿಲ್ಲ. ಈ ಸಲ ಬಲೆಗೆ ಬಂಗಡೆ ಬೀಳಲಿಲ್ಲವೆಂದು ಹೇಳುವಾಗಿನ ಸಮಾಧಾನವೇ ಇರುತ್ತದೆ. ಹುಡುಗಿಯು ನೆಲವನ್ನು ನೋಡುತ್ತಾಳೆ. ಮುಂದೆ ಎಸ್.ಎಸ್.ಎಲ್.ಸಿ. ಮುಗಿಸಿ ಕಾಲೇಜು ಸೇರುವಾಗ ಅವಳು ಯಾವ ವಿಷಯವನ್ನು ತೆಗೆದುಕೊಳ್ಳಬೇಕು, ಯಾವುದರ ಗೊಡವೆಗೆ ಹೋಗಲೇಬಾರದು ಎಂಬುದು ಆ ಗಳಿಗೆಯಲ್ಲಿಯೇ ತೀರ್ಮಾನವಾಗಿಹೋಗಿರುತ್ತದೆ. ಅದೇ ತಂದೆಯು ಮಗನ ವಿಷಯ ಬಂದಾಗ “ಅವನು ಓದುವುದಿಲ್ಲ” ಎನ್ನುತ್ತಾರಲ್ಲದೆ ತಲೆಗೆ ಹತ್ತದೆಂದು ಹೇಳುವುದು ಅಪರೂಪ. ಮಗನಲ್ಲಿ ಕುಂದು ಅಭ್ಯಾಸದ್ದು, ಮಗಳಲ್ಲಾದರೋ ಮಿದುಳಿನದೇ!

ಹೀಗೆ ಮಾತುಮಾತಿಗೆ ತಲೆಯ ಮೇಲೆ ತೀರ್ಪು ಕೊಡುವ ನಾವು ಆ ತಲೆಯೊಳಗಿನ ವಸ್ತುವಿನ ಬಗ್ಗೆ ಬಾಲಿಕೆಯರಿಗೆ ಏನನ್ನು ಕಲಿಸಿದ್ದೇವೆ? ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಿಯಂತ್ರಣ ಮತ್ತು ಸಹಭಾಗಿತ್ವವನ್ನು ಕುರಿತ ಅಧ್ಯಾಯವಿದೆ. ಅದರಲ್ಲಿ ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳುಗಳ ಚಿತ್ರವಿದೆ; ಬಿಸಿ ಪಾತ್ರೆಗೆ ತಾಗಿದ ಕೈಯು ಯೋಚನೆಗೆ ಮುಂಚೆಯೇ ಹಿಂದಕ್ಕೆ ಸರಿಯುವ ಬಗೆಯ ವಿವರಣೆಯಿದೆ. ನಮ್ಮ ಹುಡುಗಿಯರು ಆ ಚಿತ್ರವನ್ನು ಬಲು ಅಂದವಾಗಿ ಬರೆದು ಭಾಗಗಳನ್ನು ಗುರುತಿಸಿ ಪೂರ್ಣಾಂಕ ಪಡೆಯುತ್ತಾರೆ. ಆದರೆ ಆ ಚಿತ್ರವು ತನ್ನದೇ ಎಂದಾಗಲಿ, ಅದನ್ನು ಬರೆಯುತ್ತಿರುವ ಹದಿನೈದನೆಯ ವರ್ಷದಲ್ಲಿಯೇ ಅದು ಒಳಗೆ ಮಾರ್ಪಡುತ್ತಿದೆಯೆಂದಾಗಲಿ ಬರೆದವಳಿಗೆ ತೋರುವುದಿಲ್ಲ. ಇದು ಅವಳ ತಪ್ಪಲ್ಲ. ಕಲಿಸುವವರಾದ ನಮಗೂ ಬಹುಕಾಲ ಹಾಗೆ ತೋರಿರಲಿಲ್ಲ.

ಮನುಷ್ಯನ ಮಿದುಳು ತೂಕದಲ್ಲಿ ಸುಮಾರು 1,300ರಿಂದ 1,400 ಗ್ರಾಮು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೆ. ಆದರೂ ದೇಹವು ವೆಚ್ಚಮಾಡುವ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಇದೊಂದಕ್ಕೇ ಬೇಕು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಒಂದೊಂದು ಕೋಶವೂ ಸಾವಿರಾರು ಕೋಶಗಳೊಡನೆ ಸಂಧಿಗಳ ಮೂಲಕ ಮಾತನಾಡಿಕೊಳ್ಳುತ್ತದೆ. ಎಳೆಯ ಮಗುವಿನಲ್ಲಿ ಈ ಸಂಧಿಗಳು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಹಣೆಯ ಹಿಂದಿನ ಭಾಗದಲ್ಲಿ ಇವು ಬಾಲ್ಯದಿಂದ ಹದಿಹರೆಯದವರೆಗೆ ಇಳಿಯುತ್ತ ಬರುವುದನ್ನು ಪೀಟರ್ ಹಟನ್‌ಲೋಕರ್ ಎಂಬ ವೈದ್ಯರು 1979ರಲ್ಲಿ ಎಣಿಸಿ ತೋರಿಸಿದರು. 1999ರಲ್ಲಿ ಜೇ ಗೀಡ್ ಮತ್ತು ಅವರ ಸಂಗಡಿಗರು ಬೆಳೆಯುವ ಮಕ್ಕಳ ಮಿದುಳನ್ನು ಎಮ್.ಆರ್.ಐ. ಯಂತ್ರದಿಂದ ಮತ್ತೆ ಮತ್ತೆ ಚಿತ್ರಿಸಿ, ಆ ಭಾಗದ ಬೂದುದ್ರವ್ಯವು ಹುಡುಗಿಯರಲ್ಲಿ 11ರ, ಹುಡುಗರಲ್ಲಿ 12ರ ಸುಮಾರಿಗೆ ಅತ್ಯಧಿಕವಾಗಿದ್ದು ಅನಂತರ ಕಡಿಮೆಯಾಗುತ್ತ ಹೋಗುವುದನ್ನು ಕಂಡರು. ಕಡಿಮೆಯಾಗುವುದೆಂದರೆ ಕೆಡುವುದೆಂದು ತಿಳಿಯಬಾರದು. ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ ಮೊದಮೊದಲು ಜನರು ಎತ್ತೆತ್ತಲೋ ಅಡ್ಡಾಡುತ್ತಾರೆ. ತಿಂಗಳು ಕಳೆಯುವುದರೊಳಗೆ ಹೆಚ್ಚು ನಡೆದ ಎರಡು ಮೂರು ದಾರಿಗಳು ಮಾತ್ರ ಬೆಳ್ಳಗೆ ಸವೆದು ನಿಲ್ಲುತ್ತವೆ, ಉಳಿದೆಡೆ ಹುಲ್ಲು ಬರುತ್ತದೆ. ಮಿದುಳಿನ ಕೆಲಸವೂ ಹೆಚ್ಚುಕಡಿಮೆ ಹಾಗೆಯೇ. ನಡೆದ ದಾರಿಯು ಉಳಿಯುವುದಲ್ಲದೆ, ಮಯಲಿನ್ ಎಂಬ ಕೊಬ್ಬಿನ ಹೊದಿಕೆಯು ನರತಂತುಗಳನ್ನು ಸುತ್ತಿ ಸುದ್ದಿಯು ಬೇಗ ಓಡುವಂತೆ ಮಾಡುತ್ತದೆ. ಮುಂದುವರಿದು ಯೋಚಿಸುವ, ಆತುರವನ್ನು ತಡೆಯುವ ಹಣೆಯ ಹಿಂದಿನ ಭಾಗದಲ್ಲಿ ಈ ಕೆಲಸವು ಎಲ್ಲಕ್ಕಿಂತ ತಡವಾಗಿ, ಇಪ್ಪತ್ತರ ಪ್ರಾಯವನ್ನೂ ದಾಟಿ ನಡೆಯುತ್ತದೆ.

ಹೀಗಿರಲಾಗಿ, ಹದಿಮೂರನೆಯ ವಯಸ್ಸಿನ ಹುಡುಗಿಯನ್ನು ಕುರಿತು ತಲೆಗೆ ಹತ್ತದೆಂದು ಶಾಸನ ಕೊರೆಯುವುದು, ದಾರಿ ಸವೆಯುತ್ತಿರುವಾಗಲೇ ಅಲ್ಲಿ ಬೇಲಿ ಕಟ್ಟಿದಂತೆ. ಈ ಸಂಗತಿಯನ್ನು ಹೆತ್ತವರಿಗೆ ಹೇಳುವುದು ಅವಶ್ಯವೇ. ಆದರೆ ಮೊದಲು ತಿಳಿಯಬೇಕಾದವಳು ಆ ಹುಡುಗಿ. ತಿಳಿಸುವ ಬಗೆ ಯಾವುದೆಂಬುದೇ ಈ ಲೇಖನದಲ್ಲಿ ನಾವು ಎತ್ತಿಕೊಂಡ ಪ್ರಶ್ನೆ.

ಉಪನ್ಯಾಸದಿಂದ ತಿಳಿಸಬಹುದು. ನಾವು ತಿಳಿಸಿ ನೋಡಿದ್ದೇವೆ. ಹುಡುಗಿಯರು ತಲೆದೂಗಿದರು, ಟಿಪ್ಪಣಿ ಬರೆದುಕೊಂಡರು, ಮರುದಿನ ಎಲ್ಲವೂ ಮೊದಲಿನಂತೆಯೇ ಇತ್ತು. ನಮ್ಮ ಅಭಿಪ್ರಾಯದಲ್ಲಿ ಈ ವಿದ್ಯೆಗೆ ತಕ್ಕ ವಾಹನವು ಕಥೆ, ಅದೂ ಕೇಳಿ ಮುಗಿಸುವ ಕಥೆಯಲ್ಲ, ನಡುನಡುವೆ ನಿಂತು “ಈಗ ನೀನೇನು ಮಾಡುವೆ?” ಎಂದು ಕೇಳಿ, ಕೊಟ್ಟ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ದಾರಿ ಹಿಡಿಯುವ ಕಥೆ. ಇಂತಹ ಕಥೆಗಳನ್ನು ಈಗ ಜಾಲತಾಣಗಳಲ್ಲಿಯೂ ಮೊಬೈಲಿನಲ್ಲಿಯೂ ರಚಿಸುತ್ತಿದ್ದಾರೆ. ಇದನ್ನು ಕೇಳಿದೊಡನೆ ಹೊಸ ಕಾಲದ ಆಟವೆಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ನೆರೆಯವನು ಯಾರೆಂದು ಕೇಳಿದ ಧರ್ಮಶಾಸ್ತ್ರಿಗೆ ಯೇಸುಸ್ವಾಮಿಯು ವ್ಯಾಖ್ಯಾನವನ್ನು ಕೊಡಲಿಲ್ಲ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನ ಕಥೆಯನ್ನು ಹೇಳಿ, ಆ ದಾರಿಯಾಗಿ ಬಂದ ಮೂವರಲ್ಲಿ ನೆರೆಯವನಾದವನು ಯಾರೆಂಬ ತೀರ್ಮಾನವನ್ನು ಕೇಳುಗನಿಗೇ ಬಿಟ್ಟನು. ನಾತಾನನು ದಾವೀದನಿಗೆ ಬಡವನ ಕುರಿಮರಿಯ ಕಥೆ ಹೇಳಿದಾಗ ಅರಸನು ತನ್ನ ಬಾಯಿಂದಲೇ ತನ್ನ ತೀರ್ಪನ್ನು ಕೊಟ್ಟುಕೊಂಡನು. ಕೇಳುಗನ ಬಾಯಿಂದ ಹೊರಟ ಉತ್ತರವು ಉಪದೇಶಕನ ಬಾಯಿಂದ ಹೊರಟುದಕ್ಕಿಂತ ಆಳಕ್ಕೆ ಇಳಿಯುತ್ತದೆಂಬುದನ್ನು ನಮ್ಮ ಹಿರಿಯರು ಯಂತ್ರಗಳ ಸಹಾಯವಿಲ್ಲದೆಯೇ ಬಲ್ಲವರಾಗಿದ್ದರು.

ನಮ್ಮ ಕರಾವಳಿಗಂತೂ ಇದು ಎರವಲು ತಂದ ವಿದ್ಯೆಯಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ನಡೆಯುವ ತಾಳಮದ್ದಲೆಯನ್ನು ಕುಂದಾಪುರ ಬೈಂದೂರಿನ ಕಡೆಯವರಿಗೆ ವಿವರಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳಿ ಬಿಟ್ಟ ಮೇಲೆ ಅರ್ಥಧಾರಿಯು ಎದುರಿನವನ ಮಾತನ್ನು ಕೇಳಿ ಅದಕ್ಕೆ ತಕ್ಕ ಮಾತನ್ನು ಆ ಕ್ಷಣದಲ್ಲಿ ಹುಟ್ಟಿಸಬೇಕು. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೌರವನ ಪಾತ್ರ ಹಿಡಿದವನು ತನಗೆ ಕೌರವನ ನಡೆ ಸಮ್ಮತವಲ್ಲದಿದ್ದರೂ ಅವನ ಪಕ್ಷದ ನ್ಯಾಯವನ್ನು ಒಳಗಿನಿಂದ ಹೇಳಲೇಬೇಕಾಗುತ್ತದೆ. ಇನ್ನೊಬ್ಬರ ತಲೆಯೊಳಗೆ ಹೊಕ್ಕು ಯೋಚಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಗರಡಿಮನೆ ಯಾವುದಿದೆ? ಒಂದು ಭೇದ ಮಾತ್ರವಿದೆ. ಕೃಷ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಸಂಧಿ ಮುರಿಯಲೇಬೇಕು, ಯುದ್ಧವು ಆಗಲೇಬೇಕು. ನಾವು ಹೇಳುವ ಕಥೆಯಲ್ಲಿ ಕೊನೆಯೂ ಕೇಳುಗಳ ಕೈಯಲ್ಲಿದೆ.

ಬೇರೆಯವರು ಈ ದಾರಿಯಲ್ಲಿ ಮಾಡಿರುವುದನ್ನು ಸ್ವಲ್ಪದಲ್ಲಿ ಹೇಳುತ್ತೇವೆ. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದವರು ‘ದಿ ರೀಕನ್‌ಸ್ಟ್ರಕ್ಟರ್ಸ್’ ಎಂಬ ಜಾಲಕಥೆಯನ್ನು ರಚಿಸಿದರು. ವೈದ್ಯಜ್ಞಾನವೆಲ್ಲ ನಷ್ಟವಾದ ಮುಂಬರುವ ಕಾಲವೊಂದರಲ್ಲಿ, ಮಕ್ಕಳು ಆ ಜ್ಞಾನವನ್ನು ಮರಳಿ ಹುಡುಕಿ ತೆಗೆಯುತ್ತ, ನೋವು ಕಳೆಯುವ ಮದ್ದೇ ಮಿದುಳಿನಲ್ಲಿ ಚಟವಾಗಿ ಬೇರೂರುವ ಬಗೆಯನ್ನು ಕಲಿಯುತ್ತಾರೆ. ನಮಗೆ ಹತ್ತಿರದ ಗೋವೆಯಲ್ಲಿ ಸಂಗಾತ್ ಎಂಬ ಸಂಸ್ಥೆಯವರು ‘ಪಾಡ್ ಅಡ್ವೆಂಚರ್ಸ್’ ಎಂಬ ಮೊಬೈಲ್ ಕಥೆಯಾಟವನ್ನು ಹದಿಹರೆಯದವರನ್ನೇ ಕೂಡಿಸಿಕೊಂಡು ರೂಪಿಸಿ, ದೆಹಲಿಯ ಮತ್ತು ಗೋವೆಯ ಶಾಲೆಗಳಲ್ಲಿ ಬಳಸಿ ನೋಡಿದರು. ಅದರಲ್ಲಿ ತಮ್ಮಂತಹ ಪಾತ್ರಗಳ ಕಷ್ಟವನ್ನು ಮಕ್ಕಳು ಬಿಡಿಸಬೇಕು: ತೊಂದರೆ ಯಾವುದು, ದಾರಿಗಳೆಷ್ಟಿವೆ, ಈಗ ಮಾಡುವುದೇನು. ಇದು ಮಿದುಳಿನ ಶಾಸ್ತ್ರವನ್ನು ಕಲಿಸುವುದಕ್ಕೆಂದು ಹುಟ್ಟಿದುದಲ್ಲ, ಮನಸ್ಸಿನ ಭಾರವನ್ನು ಇಳಿಸುವುದಕ್ಕೆ ಹುಟ್ಟಿದ್ದು. ಆದರೂ ನಮ್ಮ ದೇಶದ ಮಕ್ಕಳಿಗೆ ಈ ಬಗೆ ಒಗ್ಗುತ್ತದೆಂಬುದಕ್ಕೆ ಸಾಕ್ಷಿ. ಪಾಡ್ ಆಟದಲ್ಲಿ ಮಗುವನ್ನು ಮೊಬೈಲಿನೊಡನೆ ಒಂಟಿಯಾಗಿ ಬಿಡದೆ, ಜೊತೆಗೆ ಮಾತನಾಡುವ ಸಲಹೆಗಾರರೊಬ್ಬರನ್ನು ಇಟ್ಟಿದ್ದರೆಂಬುದನ್ನು ನಾವು ವಿಶೇಷವಾಗಿ ಗಮನಿಸಿದ್ದೇವೆ.

ಇದರಿಂದ ಅಂಕಗಳು ಏರುತ್ತವೆಯೇ ಎಂದು ಹೆತ್ತವರು ಕೇಳುವುದು ನಿಶ್ಚಯ. ಇಲ್ಲಿ ಬಣ್ಣ ಬಳಿಯದೆ ಹೇಳಬೇಕು. ಅಭ್ಯಾಸದಿಂದ ಮಿದುಳಿನ ಸಂಧಿಗಳು ಬಲಗೊಳ್ಳುತ್ತವೆಂದು ಕಲಿತ ಏಳನೆಯ ತರಗತಿಯ ಮಕ್ಕಳ ಗಣಿತದ ಅಂಕಗಳು ಇಳಿಯುವುದು ನಿಂತಿತೆಂದು 2007ರಲ್ಲಿ ಬ್ಲಾಕ್‌ವೆಲ್, ಕ್ಯಾರೊಲ್ ಡ್ವೆಕ್ ಮೊದಲಾದವರು ನ್ಯೂಯಾರ್ಕಿನಿಂದ ವರದಿಮಾಡಿದಾಗ ಲೋಕವೆಲ್ಲ ಹಿಗ್ಗಿತು. 2019ರಲ್ಲಿ ಪ್ರಕಟವಾದ ಬಹು ದೊಡ್ಡ ಪರೀಕ್ಷೆಯಲ್ಲಿ, ಅಮೆರಿಕದ ಸುಮಾರು 12,000 ಮಕ್ಕಳಿಗೆ ಒಂದು ಗಂಟೆಗೂ ಕಡಿಮೆಯ ಜಾಲಪಾಠವನ್ನು ಕೊಟ್ಟಾಗ, ಹಿಂದೆ ಬಿದ್ದ ಮಕ್ಕಳ ಅಂಕದ ಮಟ್ಟವು ನಾಲ್ಕರ ಮಾನದಲ್ಲಿ ಸುಮಾರು 0.1ರಷ್ಟು ಮಾತ್ರ ಏರಿತು. ಅಲ್ಪ ಲಾಭ. ಒಂದು ಗಂಟೆಯ ಪಾಠಕ್ಕೆ ಅದು ಕಡಿಮೆಯಲ್ಲವೆಂದು ಹೇಳುವವರಿದ್ದಾರೆ. ನಾವಾದರೋ ಅಂಕಗಳ ಆಸೆಯನ್ನು ತೋರಿಸಿ ಈ ವಿದ್ಯೆಯನ್ನು ಮಾರಲು ಇಚ್ಛಿಸುವುದಿಲ್ಲ. ಇದರ ಬೆಲೆ ಬೇರೆ ಕಡೆಯಲ್ಲಿದೆ. ತಲೆಯಿಲ್ಲದವಳೆಂಬ ಮಾತು ಹುಡುಗಿಯನ್ನು ಒಂದು ಬಾಗಿಲಿನಿಂದ ಹೊರಗಿಡುತ್ತದೆ. ತಲೆ ಕೆಟ್ಟವಳೆಂಬ ಮಾತು ಎಲ್ಲ ಬಾಗಿಲುಗಳಿಂದಲೂ ಹೊರಗಿಡುತ್ತದೆ. ಆ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಕೆಲವರು ಉಪಾಧ್ಯಾಯಿನಿಯರು ಕೂಡಿ ಒಂದು ಕಥೆಯನ್ನು ಬರೆಯತೊಡಗಿದ್ದೇವೆ. ಅದರ ಸ್ವರೂಪ ಹೀಗಿದೆ.

ಕಿರಿಮಂಜೇಶ್ವರದಲ್ಲಿ ಹೆದ್ದಾರಿಯ ಬದಿಗೆ ಶಾಲೆಯ ಹುಡುಗಿಯರು ಬೆಳಗಿನ ಬಸ್ಸಿಗೆ ಕಾದು ನಿಂತಿದ್ದಾರೆ. ಅವರಲ್ಲೊಬ್ಬಳು ಇದ್ದಕ್ಕಿದ್ದಂತೆ ಕೂಗಿ ನೆಲಕ್ಕೆ ಬೀಳುತ್ತಾಳೆ; ಕೈಕಾಲುಗಳು ಅದುರುತ್ತವೆ, ಬಾಯಲ್ಲಿ ನೊರೆ ಬರುತ್ತದೆ. ಕಥೆ ನಿಲ್ಲುತ್ತದೆ. ಓದುತ್ತಿರುವವಳು ಅವಳ ಗೆಳತಿ. ಈಗ ಏನು ಮಾಡುವಳು? ಕಬ್ಬಿಣದ ಬೀಗದ ಕೈಗೊಂಚಲನ್ನು ಹಿಡಿಸುವುದು, ಈರುಳ್ಳಿಯನ್ನೋ ಚಪ್ಪಲಿಯನ್ನೋ ಮೂಸಿಸುವುದು, ಹಲ್ಲಿನ ನಡುವೆ ಚಮಚವನ್ನು ತುರುಕುವುದು, ಹೆದರಿ ದೂರ ಸರಿಯುವುದು, ಇಲ್ಲವೆ ಸುತ್ತಲಿನ ಕಲ್ಲು ಚೀಲಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದನ್ನಿಟ್ಟು, ಅದುರುವಿಕೆಯು ಇಳಿದೊಡನೆ ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುತ್ತ ಕುಳಿತಿರುವುದು. ಕೈಗೊಂಚಲನ್ನು ಆರಿಸಿದವಳಿಗೆ ಕಥೆಯು ಬೈಯುವುದಿಲ್ಲ. ಅದು ಅವಳನ್ನು ಬಿದ್ದ ಹುಡುಗಿಯ ಮಿದುಳಿನೊಳಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸರದಿಯಿಂದ ಮಾತನಾಡುವ ನರಕೋಶಗಳು ಒಂದೇ ಸಮನೆ ಕೂಗತೊಡಗಿವೆ. ಬಹುಮಟ್ಟಿಗೆ ಒಂದೆರಡು ನಿಮಿಷಗಳಲ್ಲಿ ಆ ಗದ್ದಲವು ತಾನಾಗಿಯೇ ಅಡಗುತ್ತದೆ. ಕಬ್ಬಿಣವು ಹಿಡಿಸಿದ ಕೈಯಲ್ಲಿಯೇ ಉಳಿಯುವುದಲ್ಲದೆ ಅಲ್ಲಿಗೆ ತಲಪುವುದಿಲ್ಲ. ಬೀಗದ ಕೈ ಕೊಟ್ಟಾಗ ಮೂರ್ಛೆ ನಿಂತಂತೆ ತೋರುವುದೇಕೆಂಬುದು ಹೀಗೆ ತಿಳಿಯುತ್ತದೆ. ಚಮಚವನ್ನು ಆರಿಸಿದವಳು ಮುರಿದ ಹಲ್ಲನ್ನು ಕಾಣುತ್ತಾಳೆ. ಐದು ನಿಮಿಷ ಕಳೆದರೂ ಅದುರುವಿಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಗಡಿಯಾರ ನೋಡಿದವಳು ಕಲಿಯುತ್ತಾಳೆ.

ಇಷ್ಟಕ್ಕೆ ನಿಲ್ಲಿಸಿದರೆ ಅದು ಪ್ರಥಮ ಚಿಕಿತ್ಸೆಯ ಪಾಠವಷ್ಟೆ. ಕಥೆಯ ಎರಡನೆಯ ಭಾಗವು ಮರುದಿನ ತರಗತಿಯಲ್ಲಿ ನಡೆಯುತ್ತದೆ: ಬೆಂಚಿನಲ್ಲಿ ಅವಳ ಪಕ್ಕದ ಜಾಗ ಬರಿದಾಗಿದೆ. ಮೂರನೆಯದು ಏಳೆಂಟು ವರ್ಷಗಳಾಚೆ, ಅವಳ ಮದುವೆಯ ಮಾತುಕತೆಯಲ್ಲಿ. ಹಿಂದೂ ವಿವಾಹದ ಕಾನೂನಿಗೆ 1976ರಲ್ಲಿ ತಿದ್ದುಪಡಿ ಮಾಡಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯಾದ ಸಂಗತಿಗಳ ಸಾಲಿಗೆ ಸೇರಿಸಿದ್ದರೆಂದೂ, 1999ರ ತಿದ್ದುಪಡಿಯಿಂದ ಅದನ್ನು ತೆಗೆದುಹಾಕಿದರೆಂದೂ ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? ವಿಶೇಷ ವಿವಾಹದ ಕಾನೂನಿನಿಂದಲೂ ಆಗಲೇ ಅದು ಹೊರಬಿದ್ದಿತು. ಪುಸ್ತಕದಿಂದ ಹೊರಬಿದ್ದುದು ಜಗಲಿಯ ಮಾತಿನಿಂದ ಇನ್ನೂ ಹೊರಬಿದ್ದಿಲ್ಲ. ಮೂರ್ಛೆಯು ದೈವದ ಮುನಿಸಲ್ಲ, ಮಿದುಳಿನ ವ್ಯಾಧಿಯೆಂದು ಗ್ರೀಸ್ ದೇಶದ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥವು ಕ್ರಿಸ್ತಪೂರ್ವದಲ್ಲಿಯೇ ಹೇಳಿತ್ತೆಂದರೆ ಸುದ್ದಿಯು ನಮ್ಮ ಹೆದ್ದಾರಿಗೆ ತಲಪಲು ಎಷ್ಟು ನಿಧಾನ ಮಾಡಿತೆಂದು ನಗುವುದೋ ಅಳುವುದೋ ತಿಳಿಯದು. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದ್ದು, ತಕ್ಕ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಏಳು ಮಂದಿಯವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೆ ಮೀರಿದ ಜನರನ್ನು ನಿಮ್ಹಾನ್ಸಿನ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿದಾಗ ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಇದು ಇರುವುದು ಕಂಡುಬಂತು. ಹಳ್ಳಿಗಳಲ್ಲಿ ನಗರದ ಎರಡರಷ್ಟು. ಅಂದರೆ ಮಧ್ಯಮ ಗಾತ್ರದ ಯಾವ ಶಾಲೆಯಲ್ಲಿಯೂ ಇಂತಹ ಕೆಲವರಿರುವರೆಂದು ಎಣಿಸಬೇಕು. ಅವರು ಯಾರೆಂದು ನಮಗೆ ತಿಳಿಯದಿದ್ದರೆ ಅವರು ಅಡಗಿಸಿಟ್ಟಿದ್ದಾರೆಂದೇ ಅರ್ಥ.

ಒಂದು ತಪ್ಪೊಪ್ಪಿಗೆಯೂ ಇಲ್ಲಿಯೇ ಆಗಲಿ. ಬಹಳ ವರ್ಷಗಳ ಹಿಂದೆ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಬಾಲಿಕೆಯೊಬ್ಬಳು ಬಿದ್ದಾಗ ಬೀಗದ ಕೈಗೊಂಚಲನ್ನು ತಂದವರು ನಾವೇ. ಆಮೇಲೆ ಅವಳ ಮನೆಯವರನ್ನು ಕರೆಸಿ, ಗುಣವಾಗುವವರೆಗೆ ಮನೆಯಲ್ಲಿರಲಿ ಎಂದು ಮೃದುವಾಗಿ ಹೇಳಿದವರೂ ನಾವೇ. ಅವಳು ತಿರುಗಿ ಶಾಲೆಗೆ ಬರಲಿಲ್ಲ.

ಆಕ್ಷೇಪಣೆಗಳಿಗೆ ಬರೋಣ. ಮೊಬೈಲನ್ನು ಕೈಯಿಂದ ಕಿತ್ತುಕೊಳ್ಳಿರಿ ಎಂದು ಬೋಧಿಸುತ್ತಿದ್ದ ನೀವೇ ಈಗ ಕಥೆಯ ನೆವದಲ್ಲಿ ಅದನ್ನು ಕೊಡಿಸುತ್ತೀರಾ ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಂತ್ರದ ಬಳಕೆಯು ಕೈಮೀರಿದವರಿಗೆಂದು ನಿಮ್ಹಾನ್ಸಿನಲ್ಲಿ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನೇ ತೆರೆಯಬೇಕಾಯಿತು. ಅದಲ್ಲದೆ, ಹದಿಹರೆಯದಲ್ಲಿ ನಿದ್ರೆಯ ಹೊತ್ತು ತಾನಾಗಿಯೇ ರಾತ್ರಿಯಲ್ಲಿ ಒಂದೆರಡು ಗಂಟೆ ಮುಂದಕ್ಕೆ ಸರಿಯುತ್ತದೆ. 8ರಿಂದ 10 ಗಂಟೆಗಳ ನಿದ್ರೆ ಬೇಕಾದ ಹುಡುಗಿಯು ನಡುರಾತ್ರಿಯವರೆಗೆ ಬೆಳಕಿನ ಪರದೆಯನ್ನು ನೋಡಿ ಬೆಳಗಿನ ಬಸ್ಸಿಗೆ ಐದು ಗಂಟೆಗೇ ಎದ್ದರೆ, ಹಗಲು ಕಲಿತದ್ದನ್ನು ನೆಲೆಗೊಳಿಸುವುದಕ್ಕೆ ಮಿದುಳಿಗೆ ಸಮಯವೆಲ್ಲಿ? ಆದಕಾರಣ ನಮ್ಮ ಕಥೆಯನ್ನು ಒಬ್ಬೊಬ್ಬಳ ಕೈಗೂ ಕೊಡುವ ಉದ್ದೇಶವಿಲ್ಲ. ಶಾಲೆಯ ಒಂದೇ ಪರದೆಯ ಮೇಲೆ, ತರಗತಿಯೆಲ್ಲ ನೋಡುತ್ತಿರುವಾಗ, ಪ್ರತಿಯೊಂದು ಕವಲಿನಲ್ಲಿಯೂ ನಿಲ್ಲಿಸಿ ವಾದಿಸಬೇಕು. ಕರೆಂಟು ಹೋದ ದಿನ ರಟ್ಟಿನ ಚೀಟಿಗಳಿಂದಲೂ ಆಡಬಹುದು. ನಿಜ ಹೇಳುವುದಾದರೆ ನಮಗೆ ಚೀಟಿಗಳೇ ಹೆಚ್ಚು ಪ್ರಿಯ.

ಹಣೆಯ ಹಿಂದಿನ ಭಾಗ ಇನ್ನೂ ಪಕ್ವವಾಗಿಲ್ಲವೆಂದು ಕಲಿತ ಹುಡುಗಿಯು ಅದನ್ನೇ ಪ್ರತಿಯೊಂದು ಅವಿವೇಕಕ್ಕೂ ನೆವವಾಗಿ ಒಡ್ಡಿದರೆ ಗತಿಯೇನೆಂದು ನಮ್ಮಲ್ಲಿಯೇ ಒಬ್ಬರು ಕೇಳಿದರು. ಅಪಕ್ವವೆಂಬುದು ಕೈಲಾಗದೆಂಬುದಲ್ಲ, ಗೆಳತಿಯರ ಗದ್ದಲವಿಲ್ಲದೆ ನಿಧಾನವಾಗಿ ಯೋಚಿಸಲು ಬಿಟ್ಟರೆ ಹದಿನಾರರ ಹುಡುಗಿಯು ದೊಡ್ಡವರಷ್ಟೇ ಚೆನ್ನಾಗಿ ತೂಗಿ ನೋಡಬಲ್ಲಳು. ಇದನ್ನೂ ಅದೇ ಕಥೆಯಲ್ಲಿ ಸೇರಿಸಬೇಕು. ಇನ್ನು, ಮಿಶನ್ ಶಾಲೆಯಲ್ಲಿ ಮಿದುಳನ್ನೇ ಎಲ್ಲವೂ ಎಂದು ಕಲಿಸಿದರೆ ಆತ್ಮದ ಗತಿಯೇನೆಂಬ ಶಂಕೆ ಕೆಲವು ಹಿರಿಯರಲ್ಲಿದೆ. ಕಣ್ಣಿನ ರಚನೆಯನ್ನು ಕಲಿಸಿದುದರಿಂದ ನೋಟದ ಸೌಂದರ್ಯವು ಸುಳ್ಳಾಗಲಿಲ್ಲ. ಮಿದುಳಿನ ವಿಷಯದಲ್ಲಿಯೂ ನಾವು ಅಷ್ಟನ್ನೇ ಹೇಳುತ್ತೇವೆ. ಮೂರ್ಛೆಹೋದ ಮಗುವಿನ ಮೇಲೆ ದೆವ್ವವನ್ನು ಹೊರಿಸುವುದು ಆತ್ಮಕ್ಕೆ ಸಲ್ಲಿಸುವ ಗೌರವವಲ್ಲ.

ಕೆಲಸ ಬಹಳವಿದೆ, ಕೈಗಳು ಕಡಿಮೆ. ಇಂತಹ ಕಥೆಯನ್ನು ಇಂಗ್ಲಿಷಿನಿಂದ ಭಾಷಾಂತರಿಸಿದರೆ ಸಾಲದು. ನಮ್ಮ ಬಸ್ಸು, ನಮ್ಮ ಜಗಲಿ, ನಮ್ಮ ಅಜ್ಜಿಯ ಮಾತು ಅದರಲ್ಲಿರಬೇಕು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲ ಪ್ರಪಂಚ’ವನ್ನು ಹೊರತಂದು, ಲೋಕದ ಸಂಗತಿಗಳನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದಾರೆ, ಪದಗಳಿಲ್ಲವೆಂಬ ನೆವ ನಮಗಿಲ್ಲ. ಪೂರ್ವ ವಿದ್ಯಾರ್ಥಿನಿಯರಲ್ಲಿ ದಾದಿಯರಿದ್ದೀರಿ, ವೈದ್ಯರಿದ್ದೀರಿ, ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವವರಿದ್ದೀರಿ. ಒಬ್ಬರು ಕಥೆಯ ವಿಜ್ಞಾನವನ್ನು ತಿದ್ದಬಹುದು. ಇನ್ನೊಬ್ಬರು ಅದರ ಕವಲುಗಳನ್ನು ಯಂತ್ರಕ್ಕೆ ಅಳವಡಿಸಬಹುದು. ಬೆಂಗಳೂರಿಗೆ ಪ್ರವಾಸ ಒಯ್ಯುವಾಗ ಮಕ್ಕಳನ್ನು ನಿಮ್ಹಾನ್ಸಿನ ಮಿದುಳಿನ ಸಂಗ್ರಹಾಲಯಕ್ಕೂ ಕರೆದುಕೊಂಡು ಹೋಗೋಣ. ನಿಜವಾದ ಮಿದುಳನ್ನು ಅಂಗೈಯಲ್ಲಿ ಹಿಡಿದು ನೋಡಿದವಳಿಗೆ ತಲೆಗೆ ಹತ್ತದೆಂಬ ಮಾತು ಬೇರೆಯಾಗಿ ಕೇಳಿಸೀತು. ಮಗಳ ಮನಸ್ಸಿನ ಭಾರವನ್ನು ಯಾರಲ್ಲಿ ಹೇಳಿಕೊಳ್ಳಲಿ ಎಂದು ತೊಳಲುವ ಹೆತ್ತವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಗುರುತುಹಾಕಿಕೊಳ್ಳಲಿ.

ಜೂನಿನಲ್ಲಿ ಶಾಲೆ ತೆರೆದಾಗ ಒಂಬತ್ತನೆಯ ತರಗತಿಯಲ್ಲಿ ಕಥೆಯ ಮೊದಲ ಭಾಗವನ್ನು ನಡೆಸಿ ನೋಡಬೇಕೆಂದಿದ್ದೇವೆ. ಆದರೆ ಅದರಲ್ಲಿ ಒಂದು ಪುಟ ಇನ್ನೂ ಬರಿದಾಗಿದೆ. ಹೆದ್ದಾರಿಯ ಬದಿಯಲ್ಲಿ ಬಿದ್ದ ಹುಡುಗಿಯು ಕಣ್ಣು ತೆರೆಯುತ್ತಾಳೆ, ಸುತ್ತಲೂ ಮುಖಗಳು. ಆಗ ಅವಳಿಗೆ ಏನು ತೋರುತ್ತದೆ, ಮೊದಲು ಯಾರಿಂದ ಯಾವ ಮಾತನ್ನು ಕೇಳಲು ಬಯಸುತ್ತಾಳೆ ಎಂಬುದನ್ನು ನಾವು ಊಹಿಸಿ ಬರೆದೆವು, ಹರಿದೆವು. ಅದನ್ನು ಬಲ್ಲವರು ಈ ಸಂಚಿಕೆಯನ್ನು ಓದುವವರಲ್ಲಿ ಖಂಡಿತವಾಗಿ ಇದ್ದಾರೆ. ಅಂಥವರು ನಾಲ್ಕೇ ಸಾಲು ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿದರೆ ಸಾಕು, ಹೆಸರು ಬೇಕಾಗಿಲ್ಲ.